ಮುಹೂರ್ತದ ಹುಳುಗಳು

ಸಚಿವರು ಗುಂಡಿ ಒತ್ತಿದ್ದೇ ತಡ, ಸೂಜಿಹಳ್ಳದ ತಳದಲ್ಲಿದ್ದ ‘ಕೀಟಗಣಕ’ ತನ್ನ ಕಣ್ಣಿಗೆ ಬಿದ್ದ ಹುಳುಹುಪ್ಪಟೆಗಳನ್ನೆಲ್ಲ ಅರ್ಧ ತಾಸಿನಲ್ಲಿ ಎಣಿಸಿ ಮುಗಿಸಿತು. ಅದನ್ನು ನಿರ್ಮಿಸಿದ ಡಾ. ಪ್ರಹ್ಲಾದ ಇನಾಮದಾರರು ಶಾಲು ಹೊದ್ದು ಹಲ್ಲುಕಿರಿದು ನಿಂತಿದ್ದರು.

ತಿಳಿನೀರಿದ್ದರೆ ಕಲ್ಲಿನಡಿ ಏಕದಿನಕೀಟದ ಮರಿಗಳಿರುತ್ತವೆ. ಗಟಾರವಾದರೆ ಬರೀ ಕೆಂಪು ಹುಳು. ಮೊದಲ ದಿನದ ಎಣಿಕೆಯೇ ಯಂತ್ರಕ್ಕೆ ಪ್ರಮಾಣ. ಎರಡು ವರ್ಷ ಸತತವಾಗಿ ಆ ಜೀವಿಸಮುದಾಯ ಬದಲಾದರೆ, ಹಳ್ಳಕ್ಕೆ ಸೇರುವ ಕಾಲುವೆ, ಗಟಾರಗಳ ತೂಬುಗಳನ್ನು ತಾನೇ ತೆರೆದು ಮುಚ್ಚಿ ಹಳ್ಳವನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಯಾವ ಪುಢಾರಿಯೂ ಕೈಯಾಡಿಸಬಾರದೆಂದು ಇನಾಮದಾರರು ಅದಕ್ಕೆ ಇಪ್ಪತ್ತೈದು ವರ್ಷದ ಬೀಗ ಜಡಿದಿದ್ದರು. ಕೀಲಿ ಅವರಿಗೂ ಇರಲಿಲ್ಲ. ಅಷ್ಟು ಜಾಣರು.

ಹಳ್ಳ ಶುದ್ಧವಾದ ಮೇಲೆ ಉದ್ಘಾಟನೆ ಎಂದು ಯೋಜನೆಯಲ್ಲಿ ಬರೆದಿತ್ತು. ಆದರೆ ಸಚಿವರ ಜೋಯಿಸರು ಅದಕ್ಕೂ ಮೊದಲೇ ಒಳ್ಳೆಯ ಮುಹೂರ್ತ ಹುಡುಕಿ ಕೊಟ್ಟರು. ಊರ ಗಟಾರವನ್ನು ಶುದ್ಧೀಕರಣ ಘಟಕಕ್ಕೆ ತಿರುಗಿಸಿದ್ದು ಆಮೇಲೆ. ಇನಾಮದಾರರು ಅದಕ್ಕೂ ಒಪ್ಪಿಯೇ ಶಾಲು ಹೊದ್ದಿದ್ದರು.

ಹಳ್ಳ ತಿಳಿಯಾಗಿ ಎರಡು ವರ್ಷ ತುಂಬಿದ ಮೇಲೆ, ಅಲ್ಲಿ ಬಟ್ಟೆ ಒಗೆಯುವ ಮಡಿವಾಳರ ಬಾಳವ್ವ ಇನಾಮದಾರರ ಕಚೇರಿಗೆ ಬಂದು ಎರಡೂ ಅಂಗೈ ಚಾಚಿದಳು.

“ಮೂವತ್ತ ವರ್ಷದ ಹುಣ್ಣು ಹ್ವಾದ ವರ್ಷ ಮಾಯ್ದಿದ್ವು ರೀ ಸಾಹೇಬ್ರ. ಈಗ ನೋಡ್ರಿ, ಮತ್ತ ಎದ್ದಾವು. ಹದಿನೈದು ದಿನಾತು, ಗಟಾರ ಹಳ್ಳಕ್ಕ ಬರಾಕತ್ತೈತಿ. ಯಾರು ಬಿಟ್ರು?”

ಇನಾಮದಾರರು ಕೀಟಗಣಕದ ವರದಿಯನ್ನು ಪರದೆಯ ಮೇಲೆ ತೆರೆದು ನೋಡಿದರು.

“ಯಂತ್ರನ ಬಿಟ್ಟದ, ಬಾಳವ್ವಾ. ಮೊದಲ ದಿನ ಅದು ಎಣಿಸಿದ್ದು ಬರೇ ಕೆಂಪು ಹುಳ. ಈಗ ಅವು ಇಲ್ಲ ಅಂದ್ರ ಹಳ್ಳ ಕೆಟ್ಟದ ಅಂತ ಅದರ ತಿಳುವಳಿಕಿ.”

“ಹುಳ ಎಣಸಾಕ ಬರ್ತೈತಿ, ನನ್ನ ಕೈ ಕಾಣಂಗಿಲ್ಲೇನ್ರಿ ಅದಕ್ಕ? ಬಂದ್ ಮಾಡ್ರಿ.”

“ಇನ್ನ ಇಪ್ಪತ್ತಮೂರು ವರ್ಷ ಆಗೂದಿಲ್ಲ.”

ಆ ಅಂಗೈಗಳನ್ನು ನೋಡುತ್ತ ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಬಾಳವ್ವ ಮಾತ್ರ ಯೋಚಿಸುತ್ತಿದ್ದಳು.

“ಅದು ಎಷ್ಟ ದೂರ ನೋಡ್ತೈತ್ರಿ?”

“ಒಂದು ಮೊಳ.”

“ಅಷ್ಟ ಹೌದಲ್ಲ? ಅಲ್ಲೇ ಹುಳ ಇಟ್ರಾತು.”

ಅಂದಿನಿಂದ ಪ್ರತಿ ಮಂಗಳವಾರ ಡಾ. ಇನಾಮದಾರರು ಪ್ಯಾಂಟು ಮಡಚಿ ಊರ ಹಿಂದಿನ ಗಟಾರಕ್ಕಿಳಿದು ಕೆಂಪು ಹುಳು ಹಿಡಿಯುತ್ತಾರೆ. ಬಾಳವ್ವ ಅವನ್ನು ಬಲೆಯ ಪಂಜರದಲ್ಲಿ ಯಂತ್ರದ ಕಣ್ಣೆದುರು ಇಡುತ್ತಾಳೆ. ‘ಹಳ್ಳ ಸುಸ್ಥಿತಿಯಲ್ಲಿದೆ’ ಎಂದು ಯಂತ್ರ ತೂಬು ಮುಚ್ಚಿದೆ. ಅವಳ ಕೈ ಮಾಯುತ್ತಿದೆ.

ಮೊನ್ನೆ ಸರ್ಕಾರದ ಪತ್ರ ಬಂತು. ಒಂದಿಷ್ಟೂ ಲೋಪವಿಲ್ಲದ ಈ ಯಶಸ್ಸನ್ನು ಮೆಚ್ಚಿ ಇನ್ನೂ ನಲವತ್ತು ಹಳ್ಳಗಳಿಗೆ, ಶುದ್ಧೀಕರಣಕ್ಕೂ ಮೊದಲೇ ಶುಭ ಮುಹೂರ್ತ ನೋಡಿ, ಕೀಟಗಣಕ ಇಳಿಸಲಾಗಿದೆ, ಅಭಿನಂದನೆಗಳು ಎಂದಿತ್ತು. ಇನಾಮದಾರರು ಅದನ್ನು ಓದಿ ಹೇಳಿದರು. ಬಾಳವ್ವ ಪಂಜರ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು.

“ಆ ಊರಿನವ್ರಿಗೆ ಹುಳ ಇಡೂದು ಯಾರು ಹೇಳ್ಯಾರ್ರೀ?”