ಡಬ್ಬಿಯ ಮೇಲಿನ ಹೆಸರು

ಅಮೋಲನ ಹೆಸರಿನ ಮುಂದೆ 'ಪಾಸಿಟಿವ್' ಎಂದು ಕಂಡಾಗ ನಾನು ಬೀದರಿನ ಲ್ಯಾಬಿನಲ್ಲಿ ಒಬ್ಬಳೇ ಇದ್ದೆ. ಮಲದಲ್ಲಿ ರಕ್ತದ ಅಂಶ. ಕರುಳಿನ ಕ್ಯಾನ್ಸರ್ ಇರಬಹುದು, ಇಲ್ಲದಿರಲೂಬಹುದು. ಒಳಗೆ ಕ್ಯಾಮೆರಾ ಇಳಿಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಈ ಮಾತನ್ನು ಮೂರು ತಿಂಗಳಲ್ಲಿ ಹನ್ನೊಂದು ಮನೆಗಳಲ್ಲಿ ಹೇಳಿದ್ದೆ, ಒಂದು ಸಲವೂ ನನ್ನ ದನಿ ನಡುಗಿರಲಿಲ್ಲ. ಆ ದಿನ ಚಿದ್ರಿಯಲ್ಲಿರುವ ನನ್ನ ಮನೆಗೆ ಬಂದವಳು ಊಟ ಮಾಡದೆ ಮಲಗಿಬಿಟ್ಟೆ. ಅವನಿಗಿನ್ನೂ ಮೂವತ್ತೊಂದು ವರ್ಷ.

ನಮ್ಮದು ಕರುಳಿನ ಬ್ಯಾಕ್ಟೀರಿಯಾಗಳ ಸಮೀಕ್ಷೆ. ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆಯಲ್ಲಿ ಬೆಳೆದವರ ಹೊಟ್ಟೆಯಲ್ಲಿ ಯಾವ ಬ್ಯಾಕ್ಟೀರಿಯಾ ಇರುತ್ತವೆ, ಬೇಕರಿ ತಿಂಡಿಗೆ ಬಿದ್ದವರ ಹೊಟ್ಟೆಯಲ್ಲಿ ಯಾವುವು, ಕ್ಯಾನ್ಸರಿನ ಸುಳಿವು ಅವುಗಳಿಂದ ಬೇಗ ಸಿಕ್ಕೀತೇ ಎಂದು ನೋಡುವುದು. ಜೊತೆಗೆ ಮಲದಲ್ಲಿ ರಕ್ತ ಇದೆಯೇ ಎಂಬ ಪರೀಕ್ಷೆಯೂ ಆಗುತ್ತಿತ್ತು. ಎರಡಕ್ಕೂ ಮಲ ಬೇಕು. ಡಬ್ಬಿ ತೋರಿಸಿದರೆ ಸಾಕು, ಜನ ಮುಖದ ಮೇಲೆ ಬಾಗಿಲು ಹಾಕುತ್ತಿದ್ದರು.

ಔರಾದ ತಾಲ್ಲೂಕಿನ ಅಮೋಲನ ಊರಲ್ಲೂ ಅಷ್ಟೇ. ಅವನ ತಾಯಿ ಸಖುಬಾಯಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋಗಿಬಿಟ್ಟರು. ಅಂಗಳದಲ್ಲಿ ಕುರಿಗೆ ಔಷಧಿ ಕುಡಿಸುತ್ತಿದ್ದ ಮಗ ಮಾತ್ರ, "ನನ್ನ ಹೆಸರು ಬರಕೊಳ್ರಿ ಮೇಡಂ," ಎಂದ. ಭಾಲ್ಕಿಯ ಪಶು ಆಸ್ಪತ್ರೆಯಲ್ಲಿ ಅವನಿಗೆ ಕೆಲಸ.

"ದಿನಕ್ಕ ಎಷ್ಟು ರೊಟ್ಟಿ ತಿಂತೀರಿ?"

"ಅವ್ವ ಬಡಿಯೋದು ನಿಲ್ಲಿಸೋತನಾ ತಿಂತೇನ್ರಿ."

"ನಂಬರ್ ಹೇಳ್ರಿ."

"ನೀವು ಎದುರಿಗಿ ಕುಂತ್ರ ಒಂದೂ ಇಳಿಯಂಗಿಲ್ರಿ."

ಹೇಳಿದ್ದು ಅವನು, ಕಿವಿ ಕೆಂಪಾದದ್ದೂ ಅವನದೇ. ನಾನು ಫಾರ್ಮಿನ ಮೇಲೆ ಬಗ್ಗಿ ನಗು ನುಂಗಿಕೊಂಡೆ.

ಆ ಫಾರ್ಮ್ ಅರ್ಧ ಗಂಟೆಯ ಕೆಲಸ. ಅವನದು ನಾಲ್ಕು ಭೇಟಿ ತೆಗೆದುಕೊಂಡಿತು. ನಡುವೆ ಫೋನ್ ಬೇರೆ. "ಮಂಗಳವಾರ ಒಂದು ಜಿಲೇಬಿ ತಿಂದಿದ್ದೆ, ಹೇಳೋದು ಮರ್ತಿದ್ದೆ ಮೇಡಂ." ಆ ಜಿಲೇಬಿಯನ್ನು ನಾನು ಶ್ರದ್ಧೆಯಿಂದ ಬರೆದುಕೊಂಡೆ. ಕೊನೆಯ ಭೇಟಿಯಲ್ಲಿ ಡಬ್ಬಿ ಕೊಡುವಾಗ ಅವನು ನನ್ನ ಮುಖವನ್ನೇ ನೋಡಲಿಲ್ಲ. ನಾಚಿಕೆ ಎಂದುಕೊಂಡೆ.

ರಿಪೋರ್ಟ್ ಕಂಡ ಮರುದಿನ ಮೊದಲ ಬಸ್ಸಿಗೆ ಭಾಲ್ಕಿಗೆ ಹೋದೆ. ಅವನು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಕುರಿಯ ಹಿಕ್ಕೆಯಲ್ಲಿ ಜಂತುಹುಳದ ತತ್ತಿ ಹುಡುಕುತ್ತಿದ್ದ. ನನ್ನನ್ನು ಕಂಡು ಅವನ ಮುಖ ಅರಳಿತು, ಅದನ್ನು ನೋಡಿ ನನಗೆ ಅಳು ಬಂತು. ಅಳುತ್ತಲೇ ರಿಪೋರ್ಟ್ ಹೇಳಿದೆ.

"ಅಳಬ್ಯಾಡ್ರಿ ಮೇಡಂ," ಎಂದು ಅವನು ಗಾಬರಿಯಾಗಿ ಎದ್ದು ನಿಂತ. "ಅದು ನಂದಲ್ರಿ."

"ಎಲ್ಲಾರೂ ಹಂಗೇ ಅಂತಾರ."

"ಖರೇನ ನಂದಲ್ಲ. ನಿಮ್ಮ ಮನಿಗಿ ಲಗ್ನದ ಮಾತಾಡ್ಲಿಕ್ಕ ಬರಬೇಕಂತ ಮಾಡಿದ್ದೆ. ಅದೇ ನೀವು ನನ್ನ ಡಬ್ಬಿ ತೆರದು ನೋಡ್ತೀರಿ ಅಂದ್ರ ಭಾಳ ಶರಮ ಆಯ್ತು. ಅದಕ್ಕ ಅವ್ವಗ ಕೇಳಿ..."

ತಾನು ಏನು ಹೇಳುತ್ತಿದ್ದೇನೆಂದು ಅವನಿಗೆ ಆಗ ಹೊಳೆಯಿತು.

ನನ್ನ ಸಿಟ್ಟು ನೆತ್ತಿಗೇರಿತು. ರಾತ್ರಿಯೆಲ್ಲ ಇವನಿಗಾಗಿ ಅತ್ತಿದ್ದೆನಲ್ಲ ಎಂಬ ಸಿಟ್ಟು ಒಂದು ಕಡೆ, ತಾಯಿಯ ಕಡೆ ನೋಡಲೇ ಇಲ್ಲವಲ್ಲ ಎಂಬುದು ಇನ್ನೊಂದು ಕಡೆ. "ಊರ ಕುರಿ ಹಿಕ್ಕಿ ಕೈಯಾಗ ಹಿಡ್ಕೊಂಡು ತಿರಗ್ತೀರಿ, ಅದಕ್ಕ ನಿಮಗ ಶರಮ ಇಲ್ಲ," ಎಂದೆ. "ಕುರಿಗಿ ಏನಾಗ್ಯಾದ ಎಲ್ಲಾ ಗೊತ್ತದ. ಅವ್ವಗ ಏನಾಗ್ಯಾದ ಅಂತ ಒಂದಿನಾ ಕೇಳೀರೇನು?"

ಅವನು ಬೈಕಿನ ಕೀಲಿ ತೆಗೆದುಕೊಂಡ. ಊರು ಮುಟ್ಟುವ ತನಕ ನಾನು ಹಿಂದೆ ಕುಳಿತು ಅವನ ಬೆನ್ನಿಗೆ ಬೈದೆ.

ಸಖುಬಾಯಿ ರೊಟ್ಟಿ ಬಡಿಯುತ್ತಿದ್ದರು. ವಿಷಯ ಕೇಳಿ ಅವರು ಬೆಚ್ಚಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಮಗುಚಿ ಹಾಕಿ, ಮಗನನ್ನು ನೀರು ತರಲು ಹೊರಗೆ ಕಳಿಸಿದರು.

"ಆರು ತಿಂಗಳಾತು ಯವ್ವಾ. ಒಮ್ಮೊಮ್ಮಿ ಕೆಂಪ ಬೀಳ್ತದ. ಬಾಜೂ ಮನಿ ಅನುಸೂಯಾಬಾಯಿ ಮೂಲವ್ಯಾಧಿ ಅಂದ್ಳು, ಮೂಲಂಗಿ ತಿಂದೆ, ಮಜ್ಜಿಗಿ ಕುಡದೆ."

"ಮತ್ತ ನಾ ಬಂದಾಗ ಯಾಕ ಹೇಳಲಿಲ್ರಿ?"

"ಹ್ಯಾಂಗ ಹೇಳಬೇಕು? ಗಂಡಿಲ್ಲದಾಕಿ, ಮನ್ಯಾಗ ಬೆಳದ ಮಗ." ಅವರು ದನಿ ಇನ್ನಷ್ಟು ತಗ್ಗಿಸಿದರು. "ಇವನೇ ಬಂದು ಡಬ್ಬಿ ತುಂಬಿ ಕೊಡು ಅಂದ. ಹೆಸರು ಅವಂದು ಇರ್ತದ, ನಂದೇನದ ಅಂತ ನನಗೂ ತಿಳೀತದ ಅಂದ್ಕೊಂಡೆ."

ಯಾರಿಗೆ ಬೈಯಬೇಕಿತ್ತು? ಮಗನ ಹೆಸರಿನ ಮರೆಯಲ್ಲಿ ತನ್ನ ರೋಗ ತಿಳಿದುಕೊಳ್ಳಬೇಕಾಗಿ ಬಂತಲ್ಲ ಈ ತಾಯಿಗೆ. ಕೈ ಮುರಿದರೆ ಊರೆಲ್ಲ ಕೇಳುತ್ತದೆ. ಸೊಂಟದ ಕೆಳಗಿನದಾದರೆ ಹೆಂಗಸು ಮೂಲಂಗಿ ತಿಂದುಕೊಂಡು ಬಾಯಿ ಮುಚ್ಚಿಕೊಂಡಿರಬೇಕು. ಬಾಗಿಲಲ್ಲಿ ಅಮೋಲ್ ತಂಬಿಗೆ ಹಿಡಿದು ನಿಂತಿದ್ದ, ಎಲ್ಲ ಕೇಳಿಸಿಕೊಂಡಿದ್ದ. ತಾಯಿಯ ಹತ್ತಿರ ಕುಳಿತು, ಹಿಟ್ಟು ಹತ್ತಿದ ಅವರ ಕೈ ಹಿಡಿದುಕೊಂಡ.

ಬೀದರಿನಲ್ಲಿ ಪರೀಕ್ಷೆಯಾಯಿತು. ದೊಡ್ಡ ಕರುಳಿನಲ್ಲಿ ಸಣ್ಣ ಗಡ್ಡೆ, ಕ್ಯಾನ್ಸರ್. ಆದರೆ ಕರುಳಿನ ಗೋಡೆ ದಾಟಿರಲಿಲ್ಲ. ಆಪರೇಷನ್ ಮಾಡಿ ತೆಗೆದರು. ಇನ್ನೊಂದು ವರ್ಷ ಬಿಟ್ಟಿದ್ದರೆ ಬೇರೆಯೇ ಮಾತಾಗುತ್ತಿತ್ತು ಎಂದರು ಡಾಕ್ಟರು. ಆ ದಿನಗಳಲ್ಲಿ ನಾನು ಸಖುಬಾಯಿಗೆ ಗಂಜಿ ಒಯ್ದೆ, ತಲೆ ಬಾಚಿದೆ. ಬೆಂಚಿನ ಮೇಲೆ ಅಮೋಲನ ಪಕ್ಕದಲ್ಲೇ ಕುಳಿತೆ, ಒಂದು ಮಾತೂ ಆಡಲಿಲ್ಲ. ಅವನು ಚಹಾ ತಂದಿಟ್ಟರೆ ಕುಡಿಯುತ್ತಿದ್ದೆ, ಅಷ್ಟೇ.

ಎರಡು ತಿಂಗಳ ಮೇಲೆ ಒಂದು ಸೋಮವಾರ ಲ್ಯಾಬಿನ ಕಿಟಕಿಯ ಮುಂದೆ ಸಾಲು ನಿಂತಿತ್ತು. ಮೊದಲು ಬಂದವರು ಸಖುಬಾಯಿ, ಮೈಯಲ್ಲಿ ಸ್ವಲ್ಪ ಇಳಿದಿದ್ದರು. ಅನುಸೂಯಾಬಾಯಿಯ ರಟ್ಟೆ ಹಿಡಿದು ಎಳೆದು ತಂದಿದ್ದರು. ಅನುಸೂಯಾಬಾಯಿಯ ಡಬ್ಬಿಯ ಮೇಲೆ ಅವರ ಗಂಡ ಪಂಢರಿಯ ಹೆಸರಿತ್ತು.

"ಅಳಸು ಯವ್ವಾ," ಎಂದರು ಸಖುಬಾಯಿ. "ಆಕಿ ಹೆಸರು ಬರಿ. ದೊಡ್ಡದಾಗಿ ಬರಿ."

ಬರೆದು ತಲೆ ಎತ್ತಿದರೆ ಎದುರಿಗೆ ಅಮೋಲ್. ಇಡೀ ಸಾಲು ನೋಡುತ್ತಿರುವಾಗಲೇ ಡಬ್ಬಿಯನ್ನು ಕಿಟಕಿಯಲ್ಲಿಟ್ಟ. ತನ್ನ ಹೆಸರು, ಅಪ್ಪನ ಹೆಸರು, ಊರು, ತಾಲ್ಲೂಕು, ಎಲ್ಲ ದಪ್ಪಕ್ಷರದಲ್ಲಿ ಬರೆದಿದ್ದ.

"ಇದು ನಂದೇ ಅದ, ಪೂನಮ," ಎಂದ. ಮೇಡಂ ಎನ್ನದೆ ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಕಿವಿ ಕೆಂಪಾಗಿತ್ತು, ಈ ಸಲ ಕಣ್ಣು ಮಾತ್ರ ತಗ್ಗಿಸಲಿಲ್ಲ. "ಸಿಟ್ಟು ಇನ್ನೂ ಅದೇನ್ರಿ?"

"ಅದ."

"ಎಷ್ಟು ದಿನಾ ಇರ್ತದ?"

ನಾನು ಅವನ ಡಬ್ಬಿ ಎತ್ತಿಕೊಂಡು ನಂಬರ್ ಹಚ್ಚಿದೆ.

"ಲಗ್ನ ಆದ ಮ್ಯಾಲೂ ಇರ್ತದ," ಎಂದೆ. "ಬಾಜೂಕ ಸರೀರಿ, ಹಿಂದ ಮಂದಿ ನಿಂತಾರ."