ಅರಗು ಹಚ್ಚಿದ ಸೈಕಲ್ಲು

“ಈ ಸೈಕಲ್ಲಾ?” ಎಂದರು ಬಾಲರಾಜು ಅಂಕಲ್.

ಕೇಳಿದ್ದು ಅಷ್ಟೇ. ಆದರೆ ಅಂಗಡಿಯ ಮುಂದೆ ಇಡ್ಲಿ ತಿನ್ನುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ನೂರೀನ್ ಹ್ಯಾಂಡಲನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಚನ್ನಪಟ್ಟಣದಲ್ಲಿ ಅಂಬುಜಮ್ಮನ ಇಡ್ಲಿ ಅಂಗಡಿ ಮುಂದೆ ಪ್ರತಿ ಭಾನುವಾರ ಬೆಳಗ್ಗೆ ‘ಸಂಡೇ ರೈಡರ್ಸ್’ ಸೇರುತ್ತಿದ್ದರು. ಬಿಗಿ ಬಟ್ಟೆ, ಹೆಲ್ಮೆಟ್ಟು, ಕಪ್ಪು ಕನ್ನಡಕ. ಅವರ ಸೈಕಲ್ಲುಗಳೋ, ಮುಟ್ಟಿದರೆ ಬೈದುಬಿಡುತ್ತವೇನೋ ಅನ್ನಿಸುವಂಥವು. ಹಾರ್ಡ್‌ವೇರ್ ಅಂಗಡಿಯ ಬಾಲರಾಜು ಅಂಕಲ್ ಅವರಿಗೆಲ್ಲ ಲೀಡರ್.

ನೂರೀನಳ ಸೈಕಲ್ಲು ಅವಳದ್ದೇ ಅಲ್ಲ. ಅಕ್ಕ ಮಿಸ್ಬಾ ಎಂಟನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಕೊಟ್ಟ ಸರ್ಕಾರಿ ಸೈಕಲ್ಲು. ಅಕ್ಕ ಈಗ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾಳೆ, ಸೈಕಲ್ಲು ತಂಗಿಗೆ ಬಂದಿದೆ. ಮುಂದಿನ ಬುಟ್ಟಿ ಒಂದು ಕಡೆ ವಾಲಿಕೊಂಡಿತ್ತು. ರಿಮ್ಮಿಗೆ ತುಕ್ಕು ಹಿಡಿದಿತ್ತು.

“ಬೇಜಾರು ಮಾಡ್ಕೋಬೇಡ ಪುಟ್ಟಿ,” ಎಂದರು ಬಾಲರಾಜು ಅಂಕಲ್. “ಇದು ಗ್ರೂಪ್ ರೈಡು. ಫೋಟೋ ಎಲ್ಲಾ ಹಾಕ್ತೀವಿ. ನಿನ್ ಸೈಕಲ್ಲು ಒಸಿ ಹಳೇದಾಯ್ತಲ್ವಾ? ಮುಂದೆ ಒಳ್ಳೇದು ತಗೊಂಡಾಗ ಬಾ.”

ಅಂಬುಜಮ್ಮನಿಗೆ ಯಾರ ಮಾತಿನ ಮಧ್ಯೆ ಬಾಯಿ ಹಾಕುವುದಕ್ಕೂ ಸಂಕೋಚವಿಲ್ಲ. “ಅಲ್ಲ ಬಾಲರಾಜಪ್ಪ, ನೀನು ಸೈಕಲ್ಲಿಗೆ ಸುರಿದಿರೋ ದುಡ್ಡಲ್ಲಿ ಒಂದು ಹಸ ಬತ್ತಿತ್ತಲ್ಲ. ಹಾಲಾದ್ರೂ ಕೊಡೋದು,” ಎಂದಳು.

“ಇದು ವ್ಯಾಯಾಮಕ್ಕೆ ಕಣಮ್ಮೋ.”

“ಹಸ ಕಟ್ ನೋಡು. ವ್ಯಾಯಾಮ ತಾನಾಗೇ ಆಯ್ತದೆ.”

ಎಲ್ಲರೂ ನಕ್ಕರು. ನೂರೀನ್ ನಗಲಿಲ್ಲ. ಅವಳು ಪ್ರತಿಮಾಳನ್ನೇ ನೋಡುತ್ತಿದ್ದಳು.

ಪ್ರತಿಮಾ ಅವಳ ಕ್ಲಾಸ್‌ಮೇಟ್. ಐದನೇ ಕ್ಲಾಸು, ಒಂದೇ ಬೆಂಚು. ಮೊನ್ನೆ ಮೊನ್ನೆಯವರೆಗೂ ಭಾನುವಾರ ಬಂತೆಂದರೆ ಇಬ್ಬರೂ ಕೆರೆ ಏರಿಯ ಮೇಲೆ ಸೈಕಲ್ಲು ಓಡಿಸುತ್ತಿದ್ದರು. ಆಮೇಲೆ ಪ್ರತಿಮಾಳ ಅಪ್ಪ ಅವಳಿಗೆ ಗೇರ್ ಸೈಕಲ್ಲು ಕೊಡಿಸಿ, ಬಾಲರಾಜು ಅಂಕಲ್ ಗ್ರೂಪಿಗೆ ಸೇರಿಸಿದರು. “ನೀನೂ ಬಾರೆ, ಕೇಳಿದ್ರೆ ಸೇರಿಸ್ಕೋತಾರೆ,” ಎಂದು ಕರೆದವಳು ಪ್ರತಿಮಾಳೇ. ಈಗ ಅವಳು ಬಗ್ಗಿ ಶೂ ಲೇಸ್ ಕಟ್ಟುತ್ತಿದ್ದಳು. ಕಟ್ಟಿದ್ದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

ತಲೆ ಎತ್ತಲೇ ಇಲ್ಲ.

ಸೈಕಲ್ಲುಗಳು ಸುಯ್ಯೆಂದು ಹೊರಟುಹೋದವು. ನೂರೀನ್ ತನ್ನ ಸೈಕಲ್ಲನ್ನು ಹತ್ತದೆ ತಳ್ಳಿಕೊಂಡೇ ಮನೆಗೆ ಬಂದಳು. ಗ್ರೂಪು ಹಾಳಾಗಿ ಹೋಗಲಿ, ಪ್ರತಿಮಾ ಇನ್ನು ಮೇಲೆ ತನ್ನವಳಲ್ಲವೇ?

ಮನೆಯ ಹಿಂದಿನ ಶೆಡ್ಡಿನಲ್ಲಿ ಅಮ್ಮಿ ಬೊಂಬೆ ಮಾಡುವ ಮೆಷಿನ್ ಮುಂದೆ ಕೂತಿದ್ದಳು. ಅಮ್ಮಿಯ ಹೆಸರು ಯಾಸ್ಮಿನ್. ಅವಳು ಮಾಡುವ ಮರದ ಬುಗುರಿ, ಗಿಲಕಿ, ಮಣಿಗಳೆಂದರೆ ಅಂಗಡಿಯವರು ಕಾದು ಒಯ್ಯುತ್ತಾರೆ. ಮರದ ತುಂಡು ಗರಗರ ತಿರುಗುತ್ತಿತ್ತು. ಅಮ್ಮಿ ಕೆಂಪು ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿದಳು. ಉಜ್ಜಿದ ಬಿಸಿಗೆ ಅರಗು ಕರಗಿತು. ಬೋಳು ಮರ ನೋಡನೋಡುತ್ತಲೇ ಕೆಂಪಾಯಿತು. ಮೇಲೆ ಒಣಗಿದ ತಾಳೆ ಗರಿಯ ತುಂಡೊಂದನ್ನು ಒತ್ತಿದಳು. ಫಳಫಳ!

ನೂರೀನ್ ರೆಪ್ಪೆ ಬಡಿಯದೆ ನೋಡಿದಳು. ತಿರುಗುವುದಕ್ಕೆಲ್ಲ ಬಣ್ಣ ಹಿಡಿಯುತ್ತದೆ. ಸೈಕಲ್ ಚಕ್ರವೂ ತಿರುಗುತ್ತದಲ್ಲ! ಬೇರೆ ಊರಿನ ಹುಡುಗಿಯಾಗಿದ್ದರೆ ಒಂದು ಡಬ್ಬಿ ಪೇಂಟು ಕೇಳುತ್ತಿದ್ದಳೋ ಏನೋ. ನೂರೀನಳಿಗೆ ಹೊಳೆದದ್ದು ಅರಗು.

ಅಮ್ಮಿ ಅಂಗಡಿಗೆ ಬೊಂಬೆ ಕೊಡಲು ಹೋದ ಮಧ್ಯಾಹ್ನ ಅವಳು ಹಿತ್ತಲಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದಳು. ರಿಮ್ಮಿನ ತುಕ್ಕು ಉಜ್ಜಿ ತೆಗೆದಳು. ಬಿಸಿಲಿಗೆ ರಿಮ್ಮು ಕೈ ಸುಡುವಷ್ಟು ಕಾದಿತ್ತು.

“ನಾನು ತಿರುಗಿಸ್ತೀನಿ ಆಪಾ!” ಎಂದು ಓಡಿಬಂದಳು ಜುವೇರಿಯಾ. ಪಕ್ಕದ ಮನೆಯ ಚಿಕ್ಕಪ್ಪನ ಮಗಳು, ಎರಡನೇ ಕ್ಲಾಸು. ನೂರೀನ್ ಎಲ್ಲಿದ್ದರೆ ಅವಳೂ ಅಲ್ಲೇ.

ಜುವೇರಿಯಾ ಹಿಂದಿನ ಚಕ್ರಕ್ಕೆ ಎರಡೂ ಕೈಯಿಂದ ಪೆಡಲ್ ತಿರುಗಿಸಿದಳು, ಮುಂದಿನ ಚಕ್ರವನ್ನು ಕೈಯಿಂದಲೇ ಸುತ್ತಿಸಿದಳು. ನೂರೀನ್ ಒಲೆಗೆ ಹಿಡಿದು ಮೆತ್ತಗೆ ಮಾಡಿದ ಅರಗಿನ ಕಡ್ಡಿಗಳನ್ನು ಹಲ್ಲು ಕಚ್ಚಿ ಒತ್ತಿದಳು. ಕೆಂಪು ಪಟ್ಟೆ, ಹಳದಿ ಪಟ್ಟೆ, ಹಸಿರು ಪಟ್ಟೆ. ಮೊದಲು ಗಂಟುಗಂಟಾಗಿ ಅಂಟಿತು. ಉಜ್ಜಿ ಉಜ್ಜಿ ನುಣ್ಣಗೆ ಮಾಡಿದಳು. ಜುವೇರಿಯಾಳ ಅಂಗೈ ಕೆಂಪಗಾಯಿತು. ಆದರೂ ಅವಳು ನಿಲ್ಲಿಸಲಿಲ್ಲ.

“ಬುಗುರಿ ತರ ಐತೆ ಆಪಾ!”

ನಿಜ, ಹಾಗೇ ಇತ್ತು. ಚಕ್ರ ತಿರುಗಿದರೆ ಕಣ್ಣು ಕೀಳಲಾಗದಷ್ಟು ಚೆಂದ.

ಭಾನುವಾರ ನೂರೀನ್ ಸೈಕಲ್ಲು ಹೊರಗೆ ತೆಗೆದಾಗ ಜುವೇರಿಯಾ ಆಗಲೇ ಗೇಟಿನ ಹತ್ತಿರ ನಿಂತಿದ್ದಳು. ಅವಳ ಪುಟ್ಟ ಸೈಕಲ್ಲಿನ ಹಿಂದೆ ಎರಡು ಸಪೋರ್ಟ್ ವೀಲ್. ಒಂದು ಸ್ವಲ್ಪ ಸೊಟ್ಟ. ಓಡಿಸಿದರೆ ಬೀದಿಗೆಲ್ಲ ಕೇಳುವ ಹಾಗೆ ಗಡಗಡ ಸದ್ದು.

“ನಾನೂ ಬತ್ತೀನಿ.”

“ಈ ಗಡಗಡ ತಗೊಂಡಾ?” ಎಂದಳು ನೂರೀನ್. “ಅವ್ರೆಲ್ಲ ನೋಡಿದ್ರೆ ನಗ್ತಾರೆ ಕಣೆ. ದೊಡ್ಡೋಳಾದ್ಮೇಲೆ ಒಳ್ಳೆ ಸೈಕಲ್ ತಗೊಂಡು ಬಾ.”

ಜುವೇರಿಯಾ ಬಗ್ಗಿ ತನ್ನ ಸೈಕಲ್ಲಿನ ಬೆಲ್ಲು ಒರೆಸತೊಡಗಿದಳು. ನೂರೀನ್ ತಿರುಗಿ ನೋಡದೆ ಹೊರಟಳು.

ಅಂಬುಜಮ್ಮನ ಅಂಗಡಿ ಮುಂದೆ ಎಲ್ಲರ ಬಾಯಲ್ಲೂ ಅದೇ ಮಾತು. “ಏನ್ ಕಲರ್!” “ಯಾರು ಮಾಡಿಕೊಟ್ರು?” ಬಾಲರಾಜು ಅಂಕಲ್ ನಾಲ್ಕು ದಿಕ್ಕಿನಿಂದ ಫೋಟೋ ತೆಗೆದರು. “ಇದು ನಮ್ಮ ಚನ್ನಪಟ್ಟಣದ ಸ್ಟೈಲು! ಬಾ ಪುಟ್ಟಿ, ಇವತ್ತು ಕಣ್ವ ಡ್ಯಾಮಿಗೆ. ಹಿಂದೆ ಉಳೀಬಾರ್ದು, ಆಯ್ತಾ?” ಎಂದು ಹೆಚ್ಚಿಗೆ ಇದ್ದ ಹೆಲ್ಮೆಟ್ಟೊಂದನ್ನು ಅವಳ ತಲೆಗೆ ಹಾಕಿದರು.

ಪ್ರತಿಮಾ ಓಡಿ ಬಂದು ಪಕ್ಕದಲ್ಲಿ ನಿಂತಳು. ನೂರೀನಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಊರೊಳಗೆ ಒಂದೆರಡು ಸಲ ಬ್ರೇಕು ಯಾಕೋ ತಡವಾಗಿ ಹಿಡಿಯಿತು. ಖುಷಿಯಲ್ಲಿ ಅದನ್ನೆಲ್ಲ ಯಾರು ಗಮನಿಸುತ್ತಾರೆ? ಊರು ದಾಟಿದ ಮೇಲೆ ದಿಬ್ಬ ಬಂತು. ಗೇರ್ ಸೈಕಲ್ಲಿನವರು ಕಟಕಟ ಗೇರ್ ಬದಲಿಸಿ ಹತ್ತಿದರು. ನೂರೀನ್ ನಿಂತುಕೊಂಡು ಪೆಡಲ್ ತುಳಿದಳು. ಎದೆ ಒಡೆದುಹೋಗುವಂತಾದರೂ ಬಿಡಲಿಲ್ಲ. ದಿಬ್ಬದ ತುದಿಗೆ ಬಂದಾಗ ಆಚೆ ಕಡೆ ಇಳಿಜಾರು. ಎರಡೂ ಪಕ್ಕ ಹಿಪ್ಪುನೇರಳೆ ತೋಟ.

ಸೈಕಲ್ಲು ತಾನಾಗಿಯೇ ಓಡತೊಡಗಿತು. ತಣ್ಣನೆ ಗಾಳಿ. ಆಹಾ! ವೇಗ ಜಾಸ್ತಿಯಾಯಿತು. ನೂರೀನ್ ಬ್ರೇಕ್ ಒತ್ತಿದಳು.

ಬ್ರೇಕು ಹಿಡಿಯಲಿಲ್ಲ. ರಬ್ಬರು ನುಣ್ಣನೆಯ ರಿಮ್ಮಿನ ಮೇಲೆ ಜಾರಿತು. ಇನ್ನೂ ಜೋರಾಗಿ ಒತ್ತಿದಳು. ಸುಟ್ಟ ಅರಗಿನ ವಾಸನೆ ಬಂತು, ಸೈಕಲ್ಲು ಮಾತ್ರ ನಿಲ್ಲಲಿಲ್ಲ. ಒಬ್ಬರನ್ನು ದಾಟಿತು, ಇಬ್ಬರನ್ನು ದಾಟಿತು, ಬಾಲರಾಜು ಅಂಕಲ್‌ರನ್ನೂ ದಾಟಿತು.

“ಸೂಪರ್ ಪುಟ್ಟಿ! ಏನ್ ಸ್ಪೀಡು!” ಎಂದು ಅವರು ಹಿಂದಿನಿಂದ ಕೂಗಿದರು.

“ಬ್ರೇಕು!” ಎಂದು ನೂರೀನ್ ಕಿರುಚಿದಳು. ಎದುರಿಗೆ ತಿರುವು. ತಿರುವಿನಲ್ಲಿ ಟ್ರ್ಯಾಕ್ಟರಿನ ಸದ್ದು. ಅವಳು ಕಣ್ಣು ಮುಚ್ಚಿ ಹ್ಯಾಂಡಲ್ ತಿರುಗಿಸಿದಳು.

ಹಿಪ್ಪುನೇರಳೆ ಗಿಡಗಳು ಅವಳನ್ನು ಹಿಡಿದುಕೊಂಡವು. ಆಗ ತಾನೇ ನೀರು ಕಟ್ಟಿದ್ದ ತೋಟ. ನೂರೀನ್ ಒಂದು ಕಡೆ ಬಿದ್ದಳು, ಸೈಕಲ್ಲು ಇನ್ನೊಂದು ಕಡೆ. ಮೈಯೆಲ್ಲ ಕೆಸರು. ಮೊಣಕೈ ತರಚಿತ್ತು. ಬೇರೇನೂ ಆಗಿರಲಿಲ್ಲ.

ಎಲ್ಲರಿಗಿಂತ ಮೊದಲು ಓಡಿಬಂದವಳು ಪ್ರತಿಮಾ. ತನ್ನ ಹೊಸ ಸೈಕಲ್ಲನ್ನು ರಸ್ತೆಯಲ್ಲೇ ಬೀಳಿಸಿ ಬಂದಿದ್ದಳು.

ಬಾಲರಾಜು ಅಂಕಲ್ ನೂರೀನಳ ಮೊಣಕೈಗೆ ನೀರು ಹಾಕಿ ತೊಳೆದರು. ಆಮೇಲೆ ಸೈಕಲ್ಲಿನ ಚಕ್ರ ತಿರುಗಿಸಿ, ರಿಮ್ಮಿನ ಮೇಲೆ ಬೆರಳಾಡಿಸಿದರು. “ಅರೆ, ಬಣ್ಣ ಹಾಕಿರೋದು ಬ್ರೇಕ್ ಹಿಡಿಯೋ ಜಾಗಕ್ಕಾ? ನಾನೂ ನೋಡ್ಲೇ ಇಲ್ವಲ್ಲ! ಏನಿದು?”

“ಅರಗು,” ಎಂದಳು ನೂರೀನ್ ಸಣ್ಣ ದನಿಯಲ್ಲಿ. “ಚೆಂದ ಕಾಣ್ಲಿ ಅಂತ.”

ಬಾಲರಾಜು ಅಂಕಲ್ ಕಪ್ಪು ಕನ್ನಡಕ ತೆಗೆದರು. ಕನ್ನಡಕ ಇಲ್ಲದಿದ್ದರೆ ಅವರು ಯಾರದೋ ಮನೆಯ ಸಾಧಾರಣ ಮಾವನಂತೆ ಕಾಣುತ್ತಿದ್ದರು.

“ನಾನು ಆವತ್ತು ಹಂಗಂದೆ ಅಂತನಾ?”

ನೂರೀನ್ ಬಟ್ಟೆಗೆ ಅಂಟಿದ್ದ ಎಲೆಯೊಂದನ್ನು ಕಿತ್ತು ತೆಗೆದಳು. ಅವರು “ತಪ್ಪಾಯ್ತು ಮಗಾ,” ಎಂದರು. “ನಿನ್ನ ಮನೆಗೆ ಬಿಡಕ್ಕೆ ಆಟೋ ಕರೆಸ್ತೀನಿ.”

“ಬೇಡ ಅಂಕಲ್, ನಾವಿಬ್ರೂ ನಡ್ಕೊಂಡು ಹೋಯ್ತೀವಿ,” ಎಂದಳು ಪ್ರತಿಮಾ. ಅಂಕಲ್ ಒಪ್ಪಿದರು. ಆದರೆ ಅವರೂ ಡ್ಯಾಮಿಗೆ ಹೋಗಲಿಲ್ಲ, ಸ್ವಲ್ಪ ದೂರ ಬಿಟ್ಟು ಸೈಕಲ್ಲು ತಳ್ಳಿಕೊಂಡು ಹುಡುಗಿಯರ ಹಿಂದೆಯೇ ಬಂದರು.

ಗೆಳತಿಯರಿಬ್ಬರೂ ಸೈಕಲ್ಲು ತಳ್ಳಿಕೊಂಡು ದಿಬ್ಬ ಹತ್ತಿ ಇಳಿದರು.

“ನಂಗೆ ಗೇರ್ ಹಾಕಕ್ಕೇ ಬರಲ್ಲ ಕಣೆ,” ಎಂದಳು ಪ್ರತಿಮಾ ಇದ್ದಕ್ಕಿದ್ದಂತೆ. “ಒಂದೇ ಗೇರಲ್ಲಿ ಹೊಡೀತೀನಿ. ಸೀಟು ಎಷ್ಟು ಗಟ್ಟಿ ಅಂದ್ರೆ ಸೋಮವಾರ ಬೆಂಚಲ್ಲಿ ಕೂರಕ್ಕಾಗಲ್ಲ.”

“ಅದಕ್ಕೇ ಕ್ಲಾಸಲ್ಲಿ ಒದ್ದಾಡ್ತಿರ್ತೀಯಾ?”

ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ನೂರೀನ್ ಕೇಳಿಯೇಬಿಟ್ಟಳು. “ಆವತ್ತು ಯಾಕೆ ಸುಮ್ನಿದ್ದೆ?”

ಪ್ರತಿಮಾ ರಸ್ತೆ ನೋಡುತ್ತ ನಡೆದಳು. “ನಿನ್ ಪರ ಮಾತಾಡಿದ್ರೆ ನನ್ನೂ ನಿನ್ ತರ ಅಂದ್ಕೋತಾರೇನೋ ಅಂತ ಭಯ ಆಯ್ತು. ಲೇಸ್ ಕಟ್ತಾ ಇದ್ದೆ. ಅದು ಬಿಚ್ಚೇ ಇರ್ಲಿಲ್ಲ.”

“ನಂಗೆ ಗೊತ್ತು, ನೋಡ್ದೆ.”

ಹಾಗೆಂದ ಕೂಡಲೇ ನೂರೀನಳಿಗೆ ಇನ್ನೊಂದು ನೆನಪಾಯಿತು. ಗೇಟಿನ ಹತ್ತಿರ ಬಗ್ಗಿದ್ದ ಒಂದು ಪುಟ್ಟ ತಲೆ. ಒರೆಸುತ್ತಿದ್ದ ಬೆಲ್ಲಿನ ಮೇಲೆ ಧೂಳೇ ಇರಲಿಲ್ಲ. ಮೊಣಕೈಗಿಂತ ಜಾಸ್ತಿ ಬೇರೆಲ್ಲೋ ಉರಿಯಿತು.

ಅಮ್ಮಿ ಮೊದಲು ತಬ್ಬಿಕೊಂಡಳು, ಆಮೇಲೆ ಬೈದಳು, ಆಮೇಲೆ ರಿಮ್ಮು ನೋಡಿ ನಗಲೂ ಆಗದೆ ಅಳಲೂ ಆಗದೆ ಕೂತಳು. “ಬುಗುರಿಗೆ ಬ್ರೇಕ್ ಬೇಡ ಬೇಟಿ. ಸೈಕಲ್ಲಿಗೆ ಬೇಕಲ್ಲ?” ಎಂದು ಉಳಿಯಿಂದ ಅರಗನ್ನು ಕೆರೆಯತೊಡಗಿದಳು. ಕೆಂಪು, ಹಳದಿ, ಹಸಿರು ಪುಡಿ ನೆಲಕ್ಕೆ ಬಿತ್ತು.

ಜುವೇರಿಯಾ ಬಾಗಿಲ ಹಿಂದಿನಿಂದ ಇಣುಕಿದಳು. ಕೆರೆದ ರಿಮ್ಮು ನೋಡಿದಳು. ನೂರೀನಳ ಮೊಣಕೈಗೆ ಅಮ್ಮಿ ಕಟ್ಟಿದ್ದ ಪಟ್ಟಿ ನೋಡಿದಳು. ಅವಳ ಕಣ್ಣು ತುಂಬಿ ಬಂತು.

“ನಾನು ಪೆಡಲ್ ಸರಿಯಾಗಿ ತಿರುಗಿಸ್ಲಿಲ್ವಾ ಆಪಾ?”

ನೂರೀನ್ ಜುವೇರಿಯಾಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಅವಳ ಅಂಗೈ ಬಿಡಿಸಿ ನೋಡಿದಳು. ಒಂದು ಬೊಬ್ಬೆ ಎದ್ದಿತ್ತು.

“ಸರಿಯಾಗೇ ತಿರುಗಿಸ್ದೆ. ನಾನೇ ಸರಿ ಇರ್ಲಿಲ್ಲ,” ಎಂದಳು ಕೊನೆಗೆ.

ಆ ವಾರವೆಲ್ಲ ಅಮ್ಮಿ ಬಿಡುವಾದಾಗ ಸಣ್ಣ ಸಣ್ಣ ಮಣಿ ಮಾಡಿಕೊಟ್ಟಳು. ಪ್ರತಿ ಮಣಿಯಲ್ಲೂ ಒಂದು ಸೀಳು. ಚಕ್ರದ ಕಡ್ಡಿಗೆ ಒತ್ತಿದರೆ ಟಕ್ಕೆಂದು ಕೂರುತ್ತಿತ್ತು. ಪ್ರತಿಮಾ ತನ್ನ ಗೇರ್ ಸೈಕಲ್ಲಿಗೂ ಬೇಕೆಂದು ಹಟ ಹಿಡಿದಳು.

“ಭಾರ ಆಯ್ತದಲ್ವೇನೆ? ಅಂಕಲ್ ಬೈತಾರೆ.”

“ಬೈಲಿ ಬಿಡು.”

ಭಾನುವಾರ ಬೆಳಗ್ಗೆ ಜುವೇರಿಯಾ ತನ್ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಬರಲೇ ಎಂದು ಕೇಳಲಿಲ್ಲ. ಸೈಕಲ್ಲೂ ಹೊರಗೆ ಬಂದಿರಲಿಲ್ಲ.

“ಏಯ್, ಸೈಕಲ್ ತಗೊಂಡ್ಬಾ,” ಎಂದಳು ಪ್ರತಿಮಾಳ ಜೊತೆ ಬಂದ ನೂರೀನ್.

“ನಂದು ಗಡಗಡ ಅಂತದೆ.”

“ನಮ್ಮಿಬ್ರದೂ ಈಗ ಟಕಟಕ ಅಂತದೆ. ಕೇಳು ಬೇಕಾದ್ರೆ.” ನೂರೀನ್ ಚಕ್ರ ತಿರುಗಿಸಿದಳು. ಮಣಿಗಳು ಮೇಲಿನಿಂದ ಕೆಳಕ್ಕೆ ಜಾರಿ ಟಕಟಕ ಎಂದವು. ಜೇಬಿನಿಂದ ಇನ್ನೊಂದು ಹಿಡಿ ಮಣಿ ತೆಗೆದಳು. “ಇವು ನಿಂದು.”

ಕೆರೆ ಏರಿಯ ಮೇಲೆ ಮೂವರೂ ಹೊರಟರು. ಎಲ್ಲರಿಗಿಂತ ಮುಂದೆ ಜುವೇರಿಯಾ, ಅವಳ ಹಿಂದೆ ಗೇರ್ ಸೈಕಲ್ಲು, ಅದರ ಪಕ್ಕ ಸರ್ಕಾರಿ ಸೈಕಲ್ಲು. ಸಂಡೇ ರೈಡರ್ಸ್ ಗುಂಪು ಅದೇ ದಾರಿಯಲ್ಲಿ ಬಂತು. ಬಾಲರಾಜು ಅಂಕಲ್ ವೇಗ ತಗ್ಗಿಸಿದರು.

“ಇದ್ಯಾವ ಗ್ರೂಪಮ್ಮಾ? ಇಷ್ಟು ನಿಧಾನ!”

“ನಮ್ದು ಅಂಕಲ್. ಅವಳೇ ಲೀಡರ್ರು,” ಎಂದು ಪ್ರತಿಮಾ ಮುಂದೆ ಕೈ ತೋರಿಸಿದಳು.

ಅಂಕಲ್ ಗಡಗಡ ಸೈಕಲ್ಲನ್ನು ನೋಡಿ ಜೋರಾಗಿ ನಕ್ಕರು. “ಹಂಗಾದ್ರೆ ಲೀಡರನ್ನೇ ಕೇಳ್ಬೇಕು. ನಾನೂ ಒಂದ್ ರೌಂಡ್ ಬರ್ಲಾ ಮೇಡಂ?” ಲೀಡರು ಗಂಭೀರವಾಗಿ ಯೋಚಿಸಿ ತಲೆಯಾಡಿಸಿದಳು. ಅಂಕಲ್ ತಮ್ಮ ದುಬಾರಿ ಸೈಕಲ್ಲನ್ನು, ಬೀಳದ ಹಾಗೆ ಕಷ್ಟಪಟ್ಟು, ಅವಳ ನಿಧಾನಕ್ಕೇ ಓಡಿಸತೊಡಗಿದರು.

ಜುವೇರಿಯಾ ಸ್ವಲ್ಪ ದೂರ ಹೋಗುವುದು, ತಿರುಗಿ ನೋಡುವುದು. ಮತ್ತೆ ಸ್ವಲ್ಪ ದೂರ, ಮತ್ತೆ ತಿರುಗಿ ನೋಡುವುದು. ಆ ನೋಟ ನೂರೀನಳಿಗೆ ಚೆನ್ನಾಗಿ ಗೊತ್ತಿತ್ತು. ಇಡ್ಲಿ ಅಂಗಡಿ ಮುಂದೆ ಅವಳೂ ಪ್ರತಿಮಾಳನ್ನು ಹಾಗೇ ನೋಡಿದ್ದಳು.

“ಇಲ್ಲೇ ಇದ್ದೀವಿ ಕಣೆ,” ಎಂದು ಕೂಗಿದಳು. “ನೀನು ಹೋಗು!”

ಜುವೇರಿಯಾ ಮತ್ತೆ ತಿರುಗಿ ನೋಡಲಿಲ್ಲ. ಗಡಗಡ ಸದ್ದು ಮಾಡುತ್ತ, ಏರಿಯ ಉದ್ದಕ್ಕೂ ಬೆಲ್ಲು ಹೊಡೆಯುತ್ತ ಹೋದಳು.