ಕೊಕ್ಕೆ ಬೀಳದ ಗಿರಕಿ

ಬೆಳಿಗ್ಗೆ ಹಲ್ಲುಜ್ಜುವ ಮೊದಲು ಫೋನ್ ಮುಟ್ಟುವುದಿಲ್ಲ ಎಂದು ಅವಳು ತನಗೆ ತಾನೇ ಆಣೆ ಹಾಕಿಕೊಂಡಿದ್ದಳು. ಆಣೆ ಎರಡನೇ ದಿನಕ್ಕೇ ಮುರಿದುಬಿತ್ತು. ಇವತ್ತಂತೂ ಕಣ್ಣು ಪೂರ್ತಿ ತೆರೆಯುವ ಮುಂಚೆಯೇ ಕೈ ದಿಂಬಿನ ಕೆಳಗೆ ಹೋಗಿತ್ತು, ಬೈಗುಳ ಓದುವುದಕ್ಕೆ.

'ಮುಷ್ಟಿ' ಗೇಮಿನ ಏಳನೇ ಭಾಗ ಬಿಡುಗಡೆಯಾಗಿ ವಾರವಾಗಿತ್ತು. ಆರು ಭಾಗಗಳನ್ನು ತಲೆಯ ಮೇಲೆ ಹೊತ್ತು ಮೆರೆಸಿದ ಜನ ಏಳನೆಯದಕ್ಕೆ ಹಿಡಿಶಾಪ ಹಾಕುತ್ತಿದ್ದರು. ಕಥೆ ಸಪ್ಪೆ, ಸಂಗೀತ ಸಪ್ಪೆ, ಹೊಸದಾಗಿ ಬಂದ ಜಟ್ಟಿಗಳು ಇನ್ನೂ ಸಪ್ಪೆ. ಎಲ್ಲಕ್ಕಿಂತ ದೊಡ್ಡ ದೂರು ಗಿರಕಿಯದು.

ಗಿರಕಿ ಮೊದಲ ಭಾಗದಿಂದಲೂ ಇದ್ದ ಹುಡುಗಿ. ಅವಳಿಗೆ ಬೇರೆ ಹೆಸರಿತ್ತು, ಆದರೆ ಆಡುವವರು ಯಾರೂ ಅದನ್ನು ಬಳಸುತ್ತಿರಲಿಲ್ಲ. ಒಂಟಿ ಕಾಲಿನ ಮೇಲೆ ಗರ್ರನೆ ತಿರುಗಿ ಎದುರಾಳಿಯ ದವಡೆಗೆ ಒದೆಯುವವಳಿಗೆ ಇನ್ನೇನೆಂದು ಕರೆಯಬೇಕು? ಈ ಸಲ ಆ ಒದೆತವನ್ನು ಹೊಸದಾಗಿ ಮಾಡಿದವಳು ಇವಳೇ, ಗೇಮ್ ತಯಾರಿಸುವ ಸ್ಟುಡಿಯೋದ ಅನಿಮೇಟರ್. ತಿರುಗುವಾಗ ಹಾರಿ ನಿಲ್ಲುವಂತೆ ಗಿರಕಿಗೊಂದು ಉದ್ದನೆಯ ನೀಲಿ ಮೇಲಂಗಿಯನ್ನೂ ತೊಡಿಸಿದ್ದಳು.

ಬಸ್ಸಿನಲ್ಲಿ ಕೂತಾಗ ಅಕ್ಕನ ಫೋನ್ ಬಂತು. ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಕುರ್ಚಿಯಲ್ಲಿ ಒತ್ತಿಕೊಂಡು ಕೂತು ಮೊದಲ ಭಾಗ ಆಡಿದವರು.

"ಏನೇ, ನಮ್ಮ ಗಿರಕಿಗೆ ಏನ್ ಮಾಡಿಟ್ಟಿದ್ದೀಯ? ಒದ್ದಾದ್ಮೇಲೆ ಫೋಟೋಗೆ ನಿಂತಂಗೆ ನಿಂತ್ಕೋತಾಳಲ್ಲ! ಆ ಮೇಲಂಗಿ ಕೆಳಗಿಳಿಯೋ ಹೊತ್ತಿಗೆ ಎದುರಿನವನು ಬಂದು ನಾಲ್ಕು ಬಿಗಿದಿರ್ತಾನೆ."

"ಚೆನ್ನಾಗಿ ಕಾಣಲ್ವಾ ಅಕ್ಕ?"

"ಕಾಣ್ತಾಳೆ ಕಣೇ. ಚೆನ್ನಾಗಿ ಕಾಣ್ತಾ ಕಾಣ್ತಾನೇ ಸಾಯ್ತಾಳೆ. ಅಲ್ಲ, ಇದನ್ನೆಲ್ಲ ನೋಡಕ್ಕೆ ಅಂತ ನಿಮ್ಮಲ್ಲಿ ಯಾರೂ ಇಲ್ವಾ?"

ಇದ್ದ. ಅವಳು ಏನೋ ನೆಪ ಹೇಳಿ ಫೋನ್ ಇಟ್ಟಳು.

ಆ ಸ್ಟುಡಿಯೋದಲ್ಲಿ ಒಂದು ಪದ್ಧತಿಯಿತ್ತು. ಹೊಸ ಏಟು, ಹೊಸ ಒದೆತ ಏನೇ ಇರಲಿ, ಟೆಸ್ಟರ್ ಆಡಿ ನೋಡಿ ಹೂಂ ಎನ್ನುವವರೆಗೆ ಗೇಮಿನೊಳಗೆ ಹೋಗುವಂತಿಲ್ಲ. ಅವನು ಆಡುವಾಗ ಮಾಡಿದವರು ಅವನ ಕುರ್ಚಿಯ ಹಿಂದೆಯೇ ನಿಂತಿರಬೇಕು. ಬಾಯಿ ಬಿಡುವಂತಿಲ್ಲ. ಆ ಟೆಸ್ಟರಿಗೆ ಎಲ್ಲರೂ ಇಟ್ಟ ಹೆಸರು ಕೊಕ್ಕೆ. ಎಲ್ಲದಕ್ಕೂ ಕೊಕ್ಕೆ ಹಾಕುತ್ತಿದ್ದ ಮಹಾನುಭಾವ. ತಂಡದ ಲೀಡ್ ಮಾಡಿದ ಒಂದು ಗುದ್ದನ್ನು ಹೆಬ್ಬೆರಳು ಒಳಗೆ ಮಡಚಿದೆ ಎಂದು ವಾಪಸ್ ಕಳಿಸಿದ್ದ. ಅವಳ ಕೆಲಸವೂ ಎಷ್ಟೋ ಸಲ ವಾಪಸ್ ಬಂದಿತ್ತು.

ಆದರೆ ಗಿರಕಿಯ ಒದೆತವನ್ನು ಅವನು ಒಂದೇ ಸಲ ಆಡಿದ. ಕಂಟ್ರೋಲರ್ ಕೆಳಗಿಟ್ಟ. ಕುರ್ಚಿ ತಿರುಗಿಸಿ ಅವಳ ಮುಖ ನೋಡಿ, "ಚೆನ್ನಾಗಿದೆ," ಎಂದ. ಕಿವಿಯ ತುದಿ ಕೆಂಪಾಗಿತ್ತು.

ಆ ಮಾತನ್ನು ಅವಳು ಜೋಪಾನವಾಗಿ ಮನೆಗೆ ಒಯ್ದಿದ್ದಳು. ಅಂದಿನಿಂದ ಅವಳ ಕಾಫಿಯ ಹೊತ್ತಿಗೇ ಅವನಿಗೂ ಕಾಫಿ ನೆನಪಾಗುತ್ತಿತ್ತು. ಕಪ್ಪು ತುಂಬಿದರೂ ಅವನು ಮೆಷಿನ್ ಬಿಟ್ಟು ಕದಲುತ್ತಿರಲಿಲ್ಲ. ಅವಳು ನೋಡಿದರೆ ಮೆಷಿನ್ನಿನ ದೀಪ ನೋಡುತ್ತಿದ್ದ, ನೋಡದಿದ್ದರೆ ಅವಳನ್ನು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿಲ್ಲದವಳಂತೆ ಸಕ್ಕರೆ ಕಲಕುತ್ತಿದ್ದಳು. ಈ ವಾರವೆಲ್ಲ ಲೋಕವೇ ಉಗಿದಾಗಲೂ ಅವಳು ಆ ಒಂದು ಮಾತನ್ನು ನೆಚ್ಚಿಕೊಂಡು ನಿಂತಿದ್ದಳು. ಜನಕ್ಕೆ ಆಡಲು ಬರುವುದಿಲ್ಲ, ಚೆನ್ನಾಗಿದೆ ಎಂದು ಕೊಕ್ಕೆಯೇ ಹೇಳಿದ ಮೇಲೆ ಚೆನ್ನಾಗಿದೆ.

ಆದರೆ ಅಕ್ಕನಿಗೆ ಆಡಲು ಬರುತ್ತಿತ್ತು.

ಆಫೀಸಿಗೆ ಕಾಲಿಡುತ್ತಲೇ ಲೀಡ್ ಅಡ್ಡ ಬಂದ. "ಸಂಜೆ ನಾಲ್ಕಕ್ಕೆ ಅಪ್‌ಡೇಟ್ ಹೋಗ್ಬೇಕು. ಅಷ್ಟರಲ್ಲಿ ಗಿರಕಿ ಸರಿಯಾದ್ರೆ ಸಂತೋಷ. ಇಲ್ಲಾಂದ್ರೆ ಆರನೇ ಭಾಗದ ಹಳೇ ಒದೆತಾನೇ ತಂದು ಅಂಟಿಸ್ತೀನಿ. ಬೇಜಾರ್ ಮಾಡ್ಕೋಬೇಡಮ್ಮ."

ಬೇಜಾರು ಆಮೇಲಿನ ಮಾತು. ಅವಳು ಬ್ಯಾಗನ್ನೂ ಇಳಿಸದೆ ಕೊಕ್ಕೆಯನ್ನು ಹುಡುಕಿಕೊಂಡು ಹೋದಳು. ಅವನು ಮೆಟ್ಟಿಲ ತಿರುವಿನ ಕಿಟಕಿಯ ಬಳಿ ಕಪ್ಪು ಹಿಡಿದು ನಿಂತಿದ್ದ. ಅವಳನ್ನು ಕಂಡೊಡನೆ ಅವನ ಮುಖದ ಬಣ್ಣ ಇಳಿಯಿತು.

"ನಿಜ ಹೇಳಿ. ಆ ಒದೆತ ನಿಧಾನ ಅಂತ ನಿಮಗೆ ಅವತ್ತೇ ಗೊತ್ತಾಗಿತ್ತಾ?"

ಅವನು ಕಪ್ಪಿನೊಳಗೆ ನೋಡಿದ. ಅದರಲ್ಲಿ ಏನೂ ಇರಲಿಲ್ಲ.

"ಗೊತ್ತಾಗಿತ್ತು."

"ಮತ್ತೆ ಚೆನ್ನಾಗಿದೆ ಅಂದ್ರಿ?"

"ಚೆನ್ನಾಗೇ ಇತ್ತು. ನೋಡಕ್ಕೆ."

"ನೋಡಕ್ಕಾದ್ರೆ ಗೋಡೆಗೆ ನೇತು ಹಾಕ್ಬೇಕಿತ್ತು! ಆಟದೊಳಗೆ ಯಾಕ್ರೀ ಬಿಟ್ರಿ?"

"ನೀವು ಹಿಂದೆ ನಿಂತಿದ್ರಿ," ಅವನ ದನಿ ಸಣ್ಣಗಾಯಿತು. "ಪರದೆ ಗಾಜಲ್ಲಿ ನಿಮ್ಮ ಪ್ರತಿಬಿಂಬ ಕಾಣ್ತಿತ್ತು. ಅವಳು ತಿರುಗಿದಾಗ ನೀವೂ ಅವಳ ಜೊತೆಗೇ ಒಂಚೂರು ವಾಲಿದ್ರಿ. ಉಸಿರು ಹಿಡ್ಕೊಂಡಿದ್ರಿ. ಸರಿಯಿಲ್ಲ ಅನ್ನಕ್ಕೆ ನನಗೆ ಬಾಯೇ ಬರ್ಲಿಲ್ಲ."

"ಕನಿಕರಾನಾ?"

"ಅಯ್ಯೋ, ಅಲ್ಲ!"

"ಮತ್ತೇನು?"

ಅವನು ಬಾಯಿ ತೆರೆದ. ಕೆಳಗಿನಿಂದ ಯಾರೋ ಮಾತಾಡುತ್ತ ಹತ್ತಿ ಬಂದರು. ಅವನು ಬಾಯಿ ಮುಚ್ಚಿಕೊಂಡ.

"ಅವತ್ತು ಚೆನ್ನಾಗಿಲ್ಲ ಅಂದಿದ್ರೆ ಒಂದಿನ ಅಳ್ತಿದ್ದೆ, ಮಾರನೇ ದಿನ ಸರಿ ಮಾಡ್ತಿದ್ದೆ," ಎಂದಳು ಅವಳು. "ಈಗ ನಿಮ್ಮ ಯಾವ ಮಾತು ನಂಬ್ಲಿ ನಾನು? ಕಾಫಿ ಹತ್ರ ಆಡಿದ್ದೆಲ್ಲ ಹೀಗೇನಾ, ನನ್ನ ಮುಖ ನೋಡಿ ಆಡಿದ್ದಾ?"

ಉತ್ತರಕ್ಕೆ ಕಾಯುವ ಧೈರ್ಯವಾಗದೆ ಅವಳು ದಡದಡ ಮೇಲೆ ಹೋದಳು.

ಕಂಪ್ಯೂಟರ್ ಮುಂದೆ ಕೂತರೆ ಕೈ ಓಡಲಿಲ್ಲ. ಒದೆತ ಸರಿ ಮಾಡಿಬಿಡಬಹುದು, ಆದರೆ ಅವನ ಮಾತಿನ ಮೇಲಿದ್ದ ನಂಬಿಕೆ? ಅದು ಹೋದರೆ ಕಾಫಿ ಮೆಷಿನ್ನಿನ ಬಳಿಯ ಅಷ್ಟೂ ದಿನಗಳು ಸುಳ್ಳಾಗುತ್ತಿದ್ದವು. ಯೋಚಿಸಿದಷ್ಟೂ ಅಳು ನುಗ್ಗಿ ಬರುತ್ತಿತ್ತು.

ಪಕ್ಕದಲ್ಲಿ ಕುರ್ಚಿ ಎಳೆದ ಸದ್ದಾಯಿತು. ಕೊಕ್ಕೆ ತನ್ನ ಕಂಟ್ರೋಲರ್ ಸಮೇತ ಬಂದು ಕೂತಿದ್ದ.

"ನಾನು ಬೇರೆ ಟೆಸ್ಟರ್‌ನ ಕರೀತೀನಿ," ಎಂದಳು.

"ಕರೀರಿ. ಅದಕ್ಕೆ ಮುಂಚೆ ನಾನು ಅವತ್ತು ಹೇಳದೇ ಇದ್ದಿದ್ದನ್ನ ಕೇಳ್ಬಿಡಿ." ಅವನು ಕಂಟ್ರೋಲರನ್ನು ಮೇಜಿನ ಮೇಲಿಟ್ಟ. "ಭುಜ ಸೊಂಟಕ್ಕಿಂತ ತಡವಾಗಿ ತಿರುಗುತ್ತೆ. ಕಾಲು ನೆಲಕ್ಕೆ ಬಂದ್ಮೇಲೂ ಅವಳು ಕೈ ಎತ್ತಿ ಮುಖ ಕಾಯ್ಕೊಳ್ಳಲ್ಲ. ಅಷ್ಟು ಹೊತ್ತು ಯಾರು ಬೇಕಾದ್ರೂ ಬಂದು ಹೊಡೀಬಹುದು."

"ಭುಜ ತಡ ಆದ್ರೇನೇ ಒದೆತಕ್ಕೆ ತೂಕ ಬರೋದು."

"ತೂಕ ಸೊಂಟದಲ್ಲಿ ತನ್ನಿ."

ಅವಳು ಹಲ್ಲು ಕಚ್ಚಿ ತಂದಳು. ಅವನು ಆಡಿದ. ಆಗಲಿಲ್ಲ ಎಂದ. ಅವಳು ಮತ್ತೆ ತಿದ್ದಿದಳು. ಅವನು ಮತ್ತೆ ತಲೆಯಾಡಿಸಿದ. ಊಟದ ಡಬ್ಬಿಗಳು ತೆರೆಯದೆ ಹಾಗೇ ಉಳಿದವು. ಒಮ್ಮೆ ಇಬ್ಬರೂ ಎಷ್ಟು ಜೋರಾಗಿ ಜಗಳಾಡಿದರೆಂದರೆ ಲೀಡ್ ಗಾಜಿನ ಕೋಣೆಯಿಂದ ಇಣುಕಿ, ಗೇಮ್ ಒಳಗೆ ಹೊಡೆದಾಡ್ರಪ್ಪ, ಹೊರಗಲ್ಲ ಎಂದ. ಹೊತ್ತು ಸರಿದಂತೆ ಗಿರಕಿ ಚುರುಕಾಗುತ್ತ ಬಂದಳು. ಅವನ ಮಾತನ್ನು ಇನ್ನು ನಂಬಲಾಗದೇನೋ ಎಂಬ ಇವಳ ಭಯ ಮಾತ್ರ ಒಂದಿಷ್ಟೂ ಇಳಿಯಲಿಲ್ಲ.

ಕೊನೆಗೆ ತಿದ್ದಲು ಮೇಲಂಗಿಯೊಂದೇ ಉಳಿಯಿತು. ಒದ್ದಾದ ಮೇಲೆ ಅದು ಒಮ್ಮೆ ಅಲೆಯಂತೆ ಎದ್ದು, ಗಾಳಿಯಲ್ಲಿ ನಿಂತು, ಮೆಲ್ಲಗೆ ಇಳಿಯುತ್ತಿತ್ತು; ಅಲ್ಲಿಯವರೆಗೆ ಗಿರಕಿ ಕದಲುವಂತಿರಲಿಲ್ಲ. ಅದೊಂದನ್ನೇ ಮಾಡಲು ಅವಳು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದಳು. ನಾಲ್ಕು ಹತ್ತಿರವಾಗಿತ್ತು.

ಅವಳು ಕುರ್ಚಿಯನ್ನೇ ತಿರುಗಿಸಿ ಅವನಿಗೆ ಎದುರಾದಳು. "ಇದೊಂದು ಇರ್ಲಿ," ಎಂದಳು. "ಬೇರೆ ಎಲ್ಲಾ ನೀವು ಹೇಳಿದಂಗೇ ಮಾಡಿದ್ದೀನಿ. ಇದೊಂದು ಬಿಟ್ಬಿಡಿ, ಪ್ಲೀಸ್."

ಅದು ನಾಟಕವಾಗಿರಲಿಲ್ಲ. ಆ ಅಲೆ ಅವಳಿಗೆ ನಿಜವಾಗಿಯೂ ಬೇಕಿತ್ತು. ಅವನು ಹೂಂ ಎಂದರೆ ಅಲೆ ಉಳಿಯುತ್ತದೆ, ಆದರೆ ಅವನನ್ನು ಇನ್ನೆಂದೂ ನಂಬಲಾಗುವುದಿಲ್ಲ. ಅವನು ಊಹೂಂ ಎಂದರೆ? ಯಾವುದನ್ನು ಬಯಸುವುದೆಂದು ತಿಳಿಯದೆ ಅವಳು ಅವನ ಮುಖವನ್ನೇ ನೋಡಿದಳು.

ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ. ಅವಳ ಕಣ್ಣಂಚಿನಲ್ಲಿ ನಿಂತ ನೀರನ್ನು ಕಂಡ.

"ಇಲ್ಲ," ಎಂದ. "ತುಂಬಾ ಚೆನ್ನಾಗಿದೆ. ಆದ್ರೆ ಅದು ಇದ್ರೆ ಅವಳು ಸೋಲ್ತಾಳೆ. ತೆಗೀರಿ."

ಅವಳಿಗೆ ಚುರ್ರೆಂದಿತು. ಮರುಕ್ಷಣವೇ, ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಉಸಿರು ಸಲೀಸಾಯಿತು. ಅವಳು ಅಲೆಯನ್ನು ಅಳಿಸಿದಳು. ಗಿರಕಿ ಗರ್ರನೆ ತಿರುಗಿ ಒದ್ದು, ನೆಲ ಮುಟ್ಟುವಷ್ಟರಲ್ಲಿ ಎರಡೂ ಮುಷ್ಟಿ ಮುಖದ ಮುಂದೆ ಹಿಡಿದು ಸಿದ್ಧಳಾಗಿ ನಿಂತಳು.

ಲೀಡ್ ಬಂದು ಆಡಿ ನೋಡಿದ. "ಹಾಂ, ಈಗ ಬಂದ್ಲು ನಮ್ಮ ಹುಡುಗಿ. ಇದರಿಂದ ಏಳನೇ ಭಾಗದ ಮಾನ ಪೂರ್ತಿ ಉಳಿಯಲ್ಲ ಬಿಡಿ, ಆದ್ರೂ ಕಳಿಸ್ತೀನಿ," ಎಂದು ಹೋದ.

ಇಬ್ಬರೇ ಉಳಿದರು. ಅವಳು ಕೀಬೋರ್ಡಿನ ಅಂಚನ್ನು ಉಗುರಿನಿಂದ ಕೆರೆದಳು.

"ಮೆಟ್ಟಿಲ ಹತ್ರ ಏನೋ ಹೇಳಕ್ಕೆ ಹೋಗಿ ನುಂಗಿದ್ರಲ್ಲ, ಅದನ್ನ ಹೇಳಿ. ಈಗ ಹೇಳಿದ್ರೆ ನಂಬ್ತೀನಿ."

ಅವನ ಕಿವಿಯಷ್ಟೇ ಅಲ್ಲ, ಕತ್ತೂ ಕೆಂಪಾಯಿತು. "ನೀವಂದ್ರೆ ನನಗೆ ಇಷ್ಟ. ಈ ಒದೆತಕ್ಕಿಂತ ಎಷ್ಟೋ ಮುಂಚಿನಿಂದ."

"ನೋಡಕ್ಕೆ ಚೆನ್ನಾಗಿದ್ದೀನಿ ಅಂತಾನಾ?"

ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಗೇಮನ್ನು ನೋಡುವಷ್ಟೇ ಗಂಭೀರವಾಗಿ.

"ಇವತ್ತು ಚೆನ್ನಾಗಿಲ್ಲ. ಕಣ್ಣು ಊದಿದೆ, ಕೂದಲು ಕೆದರಿದೆ, ತೋಳ ಮೇಲೆ ಇಂಕಿನ ಕಲೆ. ಬೆಳಿಗ್ಗೆಯಿಂದ ನನ್ನ ಜೊತೆ ಕಿತ್ತಾಡಿ ದನಿ ಬೇರೆ ಕೂತಿದೆ." ಒಂದು ಗಳಿಗೆ ತಡೆದ. "ಆದ್ರೂ ಎದ್ದು ಹೋಗಕ್ಕೆ ಮನಸ್ಸೇ ಬರ್ತಿಲ್ಲ."

ವಾರವಿಡೀ ಅಷ್ಟೊಂದು ಜನರ ಟೀಕೆ ಓದಿದ್ದಳು. ಯಾವುದೂ ಇಷ್ಟು ಹಿತವಾಗಿರಲಿಲ್ಲ. ಅವಳಿಗೆ ನಗು ಬಂತು, ಜೊತೆಗೇ ಅಳುವೂ ಬಂತು. ಇಡೀ ಆಫೀಸು ನೋಡುತ್ತಿದೆಯೆಂದು ಗೊತ್ತಿದ್ದೂ ಅವನ ಕೈ ಹಿಡಿದಳು.

"ನನಗೂ ನೀನಂದ್ರೆ ಇಷ್ಟ ಕಣೋ. ಆದ್ರೆ ಇನ್ಮೇಲೆ ನನ್ನ ಮುಖ ನೋಡಿ ಏನನ್ನೂ ಬಿಟ್ಟುಕೊಡ್ಬೇಡ."

"ಅತ್ರೂ?"

"ಅತ್ರೂ."

ಅವನು ಆಗಲೆಂದು ತಲೆಯಾಡಿಸಿ, ಅವಳ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.